ಎಡಬಲ

ಹರಾಜಿನಲ್ಲಿ ಹನ್ನೊಂದು ಡಾಲರಿಗೆ ಸಿಕ್ಕಿತು,
ಬೀಜದಂಗಡಿಯ ಹಳೆಯ ಕ್ಯಾಲೆಂಡರಿನ ಹಿಂದೆ
ಅವಿತಿದ್ದ ಕಲ್ಲಚ್ಚಿನ ಚಿತ್ರ.
ಅಂಚಿನಲ್ಲಿ ಪೆನ್ಸಿಲಿನ ಸಹಿ, ಮಸುಕು ಅಂಕಿ:
ಇನ್ನೂರೈವತ್ತರಲ್ಲಿ ಮೂವತ್ತೆಂಟನೆಯದು.

ಹುದುಗು ಬಂದ ಹಿಟ್ಟಿನಂತೆ ಉಬ್ಬಿದ
ಅಯೋವಾದ ದಿಣ್ಣೆಗಳು. ಎರಡು ಕುದುರೆ.
ಕಪ್ಪೆಂದರೆ ಈಗಷ್ಟೇ ಮಗುಚಿದ ಮಣ್ಣು;
ಬಿಸಿಲೆಂದರೆ
ಅವನು ಬಳಪ ತಾಗಿಸದೆ ಬಿಟ್ಟ ಕಾಗದ.

ತೊಂಬತ್ತೊಂದರ ಅರ್ವಿಲ್ಲಾ ಕ್ರೋಗ್
ಸೆರಗಿಲ್ಲದ ಊರಿನವಳು, ಏಪ್ರನ್ನಿನ ತುದಿಯಲ್ಲಿ
ಕನ್ನಡಕ ಒರೆಸಿಕೊಂಡು ನೋಡಿದಳು.
"ನಮ್ಮದೇ ಹೊಲ. ಕೊಟ್ಟಿಗೆ ಯಾಕೆ ಎಡಕ್ಕಿದೆ?
ಗಾಳಿಯಂತ್ರ ಯಾರು ಕಿತ್ತು ಆಚೆ ನೆಟ್ಟರು?
ನೋಡು, ನಮ್ಮಪ್ಪನನ್ನು ಎಡಚ ಮಾಡಿಬಿಟ್ಟಿದ್ದಾನೆ!"

ಕಂಡದ್ದನ್ನು ಕಂಡಹಾಗೇ ಕಲ್ಲಿಗಿಳಿಸಿದರೆ
ಕಾಗದಕ್ಕೆ ಬರುವಾಗ ಮಗ್ಗುಲು ಬದಲಿಸುತ್ತದೆ ಎಂದೆ.
"ಅವನಿಗೆ ಗೊತ್ತಿರಲಿಲ್ಲವೇ?"
ಗೊತ್ತಿತ್ತೇನೋ. ಅವಸರವಿತ್ತೇನೋ.
"ಮೂರು ದಿನ ನಮ್ಮಲ್ಲೇ ಉಂಡ,
ಅಮ್ಮನ ಬೀಟ್‌ರೂಟ್ ಉಪ್ಪಿನಕಾಯಿ ಮುಟ್ಟಲಿಲ್ಲ."
ಮತ್ತೆ, ತಡೆದು: "ಆ ಕಲ್ಲು?"
ಮರಳು ಹಾಕಿ ಉಜ್ಜಿ, ಅಳಿಸಿ,
ಬೇರೆ ಚಿತ್ರಕ್ಕೆ ಕೊಡುತ್ತಾರೆ.
"ಹೂಂ. ನಮ್ಮ ಹೊಲಕ್ಕೂ ಅದೇ ಆಯಿತು."

ಎದ್ದುಹೋಗಿ ಕೈಗನ್ನಡಿ ತಂದಳು.
ಚಿತ್ರಕ್ಕೆ ಬೆನ್ನು ಮಾಡಿ, ಭುಜದ ಮೇಲಿಂದ
ಓರೆಯಾಗಿ ಹಿಡಿದಳು, ತನ್ನ ಬಿಳಿಗೂದಲು
ಕುದುರೆಗಳಿಗೆ ಅಡ್ಡ ಬರದಂತೆ.

ಕೊಟ್ಟಿಗೆ ಬಲಕ್ಕೆ ಬಂತು.
ಕವೆಗೋಲು ಅಪ್ಪನ ಬಲಗೈಗೆ ಬಂತು.
ಕಾಫಿ ಆರಿತು; ಅವಳು ಕೈ ಇಳಿಸಲಿಲ್ಲ.

ಅಂಚಿನ ಸಹಿಯೊಂದೇ
ಈಗ ತಿರುಗುಮುರುಗು.