ಎರಡನೆಯ ಹೆಸರು

ಡೆಸ್ಸಿ ಊರಿನ ವಾರ್ಡು ಕಚೇರಿಯಲ್ಲಿ ನಾನು ಗುಮಾಸ್ತೆ.
ಹುಟ್ಟಿಗೊಂದು, ಸಾವಿಗೊಂದು, ಮದುವೆಗೊಂದು ದಪ್ಪ ವಹಿ.
ಮನೆತನದ ಹೆಸರು ಇಲ್ಲಿ ಯಾರಿಗೂ ಇಲ್ಲ.
ನಮ್ಮ ಹೆಸರಿನ ಬೆನ್ನಿಗೆ ಅಪ್ಪನದು, ಅವನ ಬೆನ್ನಿಗೆ ಅಜ್ಜನದು,
ಟೊಸ್ಸಾ ಬೆಟ್ಟದಿಂದ ನೀಲಗಿರಿ ಕಟ್ಟಿಗೆ ಹೊತ್ತು
ಸಾಲಾಗಿ ಇಳಿಯುವ ಕತ್ತೆಗಳ ಹಾಗೆ.
ನಾನು ತೋಯ್ಬಾ. ಅಪ್ಪ ಅಸ್ರಾತ್, ಐದು ಹೊತ್ತಿನ ನಮಾಜಿನವನು.
ಅಜ್ಜ ಗೆಬ್ರೆಮರಿಯಂ: ಅಂದರೆ ಮೇರಿಯ ಸೇವಕ.
ವೊಲ್ಲೊ ಸೀಮೆಯಲ್ಲಿ ಇದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ.

ತಿಂಗಳ ಮೊದಲ ಗುರುವಾರ ಹಿಂದಿನ ಕೋಣೆಯಲ್ಲಿ ಸಂವಾದ.
ನಡಾವಳಿ ಬರೆಯಲು ನಾನು.

"ಬರೆದುಕೋ ಮಗಳೇ," ಎಂದರು ಶೇಖ್ ಎಂದ್ರಿಸ್,
"ದೇವರಿಗೆ ಎರಡನೆಯ ಹೆಸರಿಲ್ಲ.
ಅವನಿಗೆ ಅಪ್ಪನಿಲ್ಲ, ಅವನು ಯಾರ ಅಪ್ಪನೂ ಅಲ್ಲ.
ನಿನ್ನ ವಹಿಯ ಕಲಮಿಗೆ ಅವನು ಹಿಡಿಸುವುದಿಲ್ಲ."

ಪಾದ್ರಿ ಮೊಗೆಸ್ ಗಡ್ಡದೊಳಗೆ ಬೆರಳಾಡಿಸಿದರು.
"ಹಿಡಿಸುವುದಿಲ್ಲ, ನಿಜ. ಆದರೂ ತಾನೇ ಬಂದ,
ತಲೆಯೆಣಿಕೆಯ ಸರದಿಯಲ್ಲಿ ನಿಂತ,
ಬಸುರಿ ಹುಡುಗಿಯೊಬ್ಬಳ ಹೊಟ್ಟೆಯೊಳಗೆ."
"ಹಾಗೆ ಬಂದವನಿಗೆ ಹಸಿವಾಗುತ್ತದೆ."
"ಆಯಿತು."
"ನಿದ್ದೆ ಬರುತ್ತದೆ."
"ಬಂತು. ದೋಣಿಯಲ್ಲೇ ಮಲಗಿದ."
"ಆ ಹೊತ್ತು ಲೋಕವನ್ನು ನೋಡಿಕೊಂಡವರು ಯಾರು?"
ಪಾದ್ರಿ ಕಿಟಕಿಯತ್ತ ನೋಡಿದರು.
ನಾನು 'ಉತ್ತರವಿಲ್ಲ' ಎಂದು ಬರೆದೆ,
ಯಾಕೋ ತಪ್ಪೆನಿಸಿ ಹೊಡೆದುಹಾಕಿದೆ.

ಲೋಮಿ ಕಾಫಿ ತಂದಳು. ಒಂದೇ ಪುಡಿಗೆ ಮೂರು ಸಲ ನೀರು:
ಅಬೊಲ್, ತೋನಾ, ಕೊನೆಯದು ಬರಕಾ.
ಪಾದ್ರಿಯ ಮುಖ ಅರಳಿತು. "ನೋಡಿ ಶೇಖ್,
ಹೂಜಿ ಒಂದು, ಪುಡಿ ಒಂದು, ಸುತ್ತು ಮೂರು."
ಲೋಮಿ ಅವರದೇ ಇಗರ್ಜಿಯವಳು. ಬಗ್ಗಿಸುತ್ತಲೇ ಕೇಳಿದಳು:
"ಮೂರನೆಯದು ಬರೀ ಬಣ್ಣದ ನೀರಲ್ಲವೇ ಅಪ್ಪಾ,
ನಮ್ಮ ದೇವರೂ ಹಾಗೆ ತೆಳ್ಳಗಾಗುತ್ತಾನೇನು?"
ಶೇಖ್ ನಕ್ಕು ನಕ್ಕು ಕೆಮ್ಮಿದರು.
ಪಾದ್ರಿಯೂ ನಕ್ಕರು, ತುಸು ತಡವಾಗಿ.

ಆಗಲೇ ಗುಂಡಿ ತೋಡುವ ಯಿಮೆರ್ ಬಾಗಿಲಲ್ಲಿ,
ಮೊಣಕಾಲ ತನಕ ಕೆಸರು.
ಬೊರ್ಕೆನಾ ಹೊಳೆ ಯಾರನ್ನೋ ದಡಕ್ಕೆ ತಂದಿಟ್ಟಿತ್ತು.
ಪರವೂರಿನವನು. ಜೇಬಲ್ಲಿ ಬಸ್ ಚೀಟಿಯ ಮುದ್ದೆ, ಎರಡು ಅಂಗಿಗುಂಡಿ.
ಕೊರಳಲ್ಲಿ ಕ್ರೈಸ್ತರ ಕಪ್ಪು ದಾರವಿಲ್ಲ,
ದಾರವಿದ್ದಂತೆ ಒಂದು ಮಾಸಲು ಗೆರೆ ಮಾತ್ರ.
ಹೊಳೆಬಳ್ಳಿ ಸುತ್ತಿದ ಗುರುತೂ ಇರಬಹುದು.
ಸುನ್ನತಿ ನೋಡಿ ಹೇಳುವಂತಿಲ್ಲ, ಈ ನಾಡಲ್ಲಿ ಇಬ್ಬರಿಗೂ ಅದುಂಟು.

"ಗುಂಡಿಯೇನೋ ನಿಮ್ಮಿಬ್ಬರದೂ ಒಂದೇ," ಎಂದ ಯಿಮೆರ್,
"ಮೂಡಣದಿಂದ ಪಡುವಣಕ್ಕೆ. ತಲೆ ಎತ್ತ, ಅದನ್ನು ಹೇಳಿ.
ಇವರವನಾದರೆ ಪಡುವಣಕ್ಕೆ ತಲೆ, ಅಂಗಾತ, ಸೂರ್ಯ ಹುಟ್ಟುವುದನ್ನು ಕಾಯುತ್ತ.
ನಿಮ್ಮವನಾದರೆ ಮೂಡಣಕ್ಕೆ ತಲೆ, ಬಲಮಗ್ಗುಲು,
ಮುಖ ಬಡಗಣಕ್ಕೆ, ಮೆಕ್ಕಾ ಇರುವತ್ತ."

ಶೇಖ್ ಬಹಳ ಹೊತ್ತಿನ ಮೇಲೆ ಅಂದರು:
"ಮೊಗೆಸ್, ನೀನೇ ಒಯ್ಯಿ. ನಾನು ಒಪ್ಪದಿದ್ದರೇನು,
ನಿನ್ನವನು ಮಣ್ಣಿಗೆ ಇಳಿದವನು ಅನ್ನುತ್ತೀ.
ಇವನಿಗೆ ಜೊತೆಯಾದೀತು."
"ಬೇಡ ಎಂದ್ರಿಸ್. ಎಲ್ಲೂ ಇಳಿಯದೆ
ಎಲ್ಲವನ್ನೂ ಕಾಣುವವನು ಅನ್ನುತ್ತೀಯಲ್ಲ,
ಗುರುತಿಲ್ಲದವನ ಗುರುತು ಅವನಿಗೇ ಇರಲಿ."
ಹೋಟೆಲಿನ ಬಿಲ್ಲಿಗೆ ಕೈ ಚಾಚುವ ಗೆಳೆಯರ ಹಾಗೆ
ಎಷ್ಟೋ ಹೊತ್ತು.
ಔದಾರ್ಯವೋ, ನುಣುಚಿಕೊಳ್ಳುವ ಉಪಾಯವೋ,
ನನಗೆ ತಿಳಿಯಲಿಲ್ಲ. ಎರಡನ್ನೂ ಬರೆಯಲಿಲ್ಲ.

ಯಿಮೆರ್ ಕಾದು ಕಾದು ಎದ್ದುಹೋದ.
ಇವರು ಚಪ್ಪಲಿ ಹುಡುಕಿ ಹೊಳೆದಂಡೆಗೆ ಏದುತ್ತ ಬರುವಷ್ಟರಲ್ಲಿ
ಮಣ್ಣು ಮುಚ್ಚಿ ಸನಿಕೆ ತೊಳೆಯುತ್ತಿದ್ದ.
ತಲೆ ಎತ್ತ ಇಟ್ಟೆಯೋ, ಎಂದು ಇಬ್ಬರೂ ಕೇಳಿದರು.
ಅವನು ಇಂದಿಗೂ ಹೇಳಿಲ್ಲ.

ಸಂಜೆ ಸಾವಿನ ವಹಿ ತೆರೆದೆ.
ಹೆಸರು: ತಿಳಿಯದು.
ಅಪ್ಪನ ಹೆಸರು, ಎಂದು ಕಲಮು ಕೇಳುತ್ತಿತ್ತು.
ಬೆಳಿಗ್ಗೆ ಬರೆದ ಹಾಳೆ ಪಕ್ಕದಲ್ಲೇ ಇತ್ತು,
'ಎರಡನೆಯ ಹೆಸರಿಲ್ಲ' ಎಂದು, ನನ್ನದೇ ಅಕ್ಷರದಲ್ಲಿ.
ಲೇಖನಿ ಕೈಯಲ್ಲೇ ಇತ್ತು.
ಯಾರೂ ಕುಡಿಯದ ಬರಕಾ ಬಟ್ಟಲಲ್ಲಿ ತಣ್ಣಗಾಗಿತ್ತು.
ಕುಡಿದೆ. ತೆಳ್ಳಗಿತ್ತು, ಲೋಮಿ ಹೇಳಿದ್ದು ಸುಳ್ಳಲ್ಲ.
ಆದರೂ ಕಾಫಿಯೇ.