ಮೀದಿ

ಎಲೆಯ ತುದಿ ಯಾವ ಕಡೆಗಿರಬೇಕೆಂದು
ಈ ವರ್ಷವೂ ಮರೆತೆ.
ಸೋದರತ್ತೆ ಬೊಳ್ಳವ್ವ ಇದ್ದಿದ್ದರೆ ಸೌಟಿನ ಹಿಡಿಯಿಂದ
ಮೊಣಕೈಗೊಂದು ತಟ್ಟಿ ತಿರುಗಿಸುತ್ತಿದ್ದಳು.
ಮದುವೆಯಾಗಿ ಬೇರೆ ಒಕ್ಕ ಸೇರದೆ ಇಲ್ಲೇ ಉಳಿದವಳು,
ಈಗ ನಾನೇ ಹಿರಿಯಳು. ತಪ್ಪಿದರೂ
ಅದೇ ಪದ್ಧತಿ ಎಂದುಕೊಳ್ಳುತ್ತಾರೆ ಮಕ್ಕಳು.

ಕೋಳಿಕರಿ, ಕಡುಬುಟ್ಟು,
ಉತ್ತಯ್ಯ ತಂದ ಮಿಲಿಟರಿ ಕ್ಯಾಂಟೀನಿನ ರಮ್ಮು.
ಕೈಮಡದ ದೀಪಕ್ಕೆ ಎಣ್ಣೆ.
ಬಡಿಸಿ, ಕೈಮುಗಿದು, ಹಿಂದೆ ನೋಡದೆ ನಡೆಯಬೇಕು.
ನೋಡಿದರೆ ಕಾರಣಜ್ಜ ಉಣ್ಣದೆ ಎದ್ದುಹೋಗುತ್ತಾನೆ.

ಒಂಬತ್ತು ವರ್ಷದವಳಿಗೆ ನೋಡಲೇಬೇಕಿತ್ತು.
ಗಡ್ಡ ಇದೆಯೇ,
ಊಟಕ್ಕೆ ಕೂರುವಾಗ ಪೀಚೆಕತ್ತಿ ಸೊಂಟದಲ್ಲೇ ಇರುತ್ತದೆಯೇ,
ಮೂಳೆ ಕಡಿಯಲು ಸತ್ತವರಿಗೆ ಹಲ್ಲಿರುತ್ತದೆಯೇ.
ಕಾಫಿ ಗಿಡದ ಬುಡದಲ್ಲಿ ಕೂತೆ.
ಲಂಗದೊಳಗೆ ಕೆಂಪಿರುವೆ ಹತ್ತಿತು, ಕೂಗಲಿಲ್ಲ.

ಬಂದದ್ದು ಲೈನುಮನೆಯ ಬೊಳಕ.
ನನ್ನಷ್ಟೇ ಎತ್ತರ, ಮೈಮೇಲೆ ನನ್ನದೇ ಹಳೇ ಸ್ವೆಟರ್.
ಗಬಗಬ ತಿನ್ನಲಿಲ್ಲ.
ಮೊದಲು ಕಾಲನ್ನು ಹುಲ್ಲಿಗೆ ಒರೆಸಿದ.
ಕಡುಬುಟ್ಟು ಮುರಿದು ಅರ್ಧ ತಿಂದ,
ಅರ್ಧ ಎಲೆಯಲ್ಲೇ ಬಿಟ್ಟ.
ಮೂಳೆಗಳನ್ನು ಅಂಚಿಗೆ ಸಾಲಾಗಿ ಇಟ್ಟ.
ರಮ್ಮು ಮೂಸಿ, ಮುಖ ಕಿವುಚಿ,
ಲೋಟ ಇದ್ದಲ್ಲೇ ಇಟ್ಟ.

ಬೆಳಗ್ಗೆ ದೊಡ್ಡಪ್ಪನ ಹಣೆಯಲ್ಲಿ ಗೆರೆ:
ಊಟ ಒಪ್ಪಿದ್ದಾರೆ, ಕುಡಿದಿಲ್ಲ, ಏನೋ ಬೇಸರ.
ಕಣಿ ನೋಡುವವನು ಅಕ್ಕಿಕಾಳು ಎಣಿಸಿ
ಬ್ರಾಂಡು ಹಿಡಿಸಲಿಲ್ಲ ಎಂದ.
ಮರುವರ್ಷ ಬೇರೆ ಬಾಟಲಿ ಬಂತು.

ಅಂದು ನನ್ನೊಳಗೆ ಏನೋ ಮುರಿಯಿತು ಎಂದು ಬರೆದರೆ ಸುಳ್ಳು.
ನಗು ಬಂತು, ಅಷ್ಟೆ.
ರಾತ್ರಿ ಹೆದರಿಕೆ: ಬೊಳಕ ರಕ್ತ ಕಾರಿ ಸಾಯುತ್ತಾನೆ.
ದಿನ ಎಣಿಸಿದೆ. ಹನ್ನೆರಡು.
ಹದಿಮೂರನೆಯ ದಿನ ಪೇರಳೆ ಮರದ ಮೇಲಿಂದ
ನನ್ನ ತಲೆಗೇ ಗುರಿಯಿಟ್ಟು ಕಾಯಿ ಎಸೆದ.
ಯಾರಿಗೂ ಹೇಳಲಿಲ್ಲ. ಹೇಳಿದರೆ ಹೋಗುವುದು
ಕಾರಣಜ್ಜನ ಮರ್ಯಾದೆ ಅಲ್ಲ, ಬೊಳಕನ ಬೆನ್ನಿನ ಚರ್ಮ.
ಅಷ್ಟು ಗೊತ್ತಿತ್ತು ಆ ವಯಸ್ಸಿಗೇ.

ಆಮೇಲೆ ಪ್ರಶ್ನೆಗಳು ಬಂದವು, ಜಿಗಣೆಯ ಹಾಗೆ,
ಹತ್ತಿದ್ದು ತಿಳಿಯದೆ.
ಗುರುಕಾರಣ ಒಬ್ಬನೇ ಕಾಡು ಕಡಿದು ಗದ್ದೆ ಮಾಡಿದ,
ಒಬ್ಬನೇ ತೋಡು ತಿರುಗಿಸಿದ, ಹುಲಿಗೆ ಎದುರಾದ.
ಕೊಡಲಿ ಹೊತ್ತವರು ಯಾರು ಎಂದು ಕೇಳಿದೆ.
ದೊಡ್ಡಪ್ಪ ಒಲೆಗೆ ಇನ್ನೊಂದು ಕೊಳ್ಳಿ ದೂಡಿದರು.

ಪೊನ್ನಂಪೇಟೆಯ ಶಾಲೆಯಲ್ಲಿ ವಿಜ್ಞಾನ ಕಲಿಸಿದೆ
ಇಪ್ಪತ್ತೇಳು ವರ್ಷ. ಮಕ್ಕಳಿಗೆ ಹೇಳಿದೆ:
ಕಣ್ಣಾರೆ ನೋಡಿ, ಆಮೇಲೆ ನಂಬಿ.
ರಜೆಯಲ್ಲಿ ಬಂದು ಮೀದಿ ಬಡಿಸಿದೆ.
ನಾಚಿಕೆ ಎರಡೂ ಕಡೆ ಇತ್ತು.

ಒಮ್ಮೆ ಕಾಳುಮೆಣಸು ಕೊಯ್ಯುವಾಗ
ಏಣಿ ಹಿಡಿದುಕೊಂಡು ಕೇಳಿಯೇಬಿಟ್ಟೆ.
ಬೊಳಕನಿಗಾಗಲೇ ಅರ್ಧ ಹಲ್ಲಿಲ್ಲ.
ಮೇಲಿಂದ ನಕ್ಕ. ನೋಡಿದ್ರಾ ನೀವು?
ಅರ್ಧ ಯಾರಿಗೆ ಬಿಟ್ಟೆ ಎಂದೆ.
ನಿಮ್ಮಜ್ಜನಿಗೆ, ಎಂದ. ಅವರದಲ್ವಾ ಊಟ.
ಮತ್ತೆ ಬಳ್ಳಿಯ ಕಡೆ ತಿರುಗಿದ.

ಅವನು ನಂಬಿದ್ದ.
ಈ ಮಾತು ಇಟ್ಟುಕೊಂಡು ಏನು ಮಾಡಲಿ
ಇಂದಿಗೂ ತಿಳಿದಿಲ್ಲ.

ಹೋಗಿ ನಾಲ್ಕು ವರ್ಷ ಆಯಿತು ಅವನು.
ಆನೆ ಅಲ್ಲ, ಹಾವಲ್ಲ, ಬರೀ ಜ್ವರ,
ಗೋಣಿಕೊಪ್ಪದ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ.
ಅವನ ಜನ ಅವನನ್ನು ತಮ್ಮ ರೀತಿಯಲ್ಲಿ ಕರೆಯುತ್ತಾರೆ,
ನನ್ನ ಎಲೆ ಅವನಿಗೆ ಬೇಕಿರಲಾರದು.
ಆದರೂ ಇನ್ನೊಂದು ಹಾಸಿದೆ, ತುಸು ದೂರದಲ್ಲಿ.
ಕೋಳಿಕರಿ, ಎರಡು ಕಡುಬುಟ್ಟು.

ಇದಕ್ಕೆ ರಮ್ಮು ಬಿಟ್ಟೆಯಲ್ಲ, ಎಂದ ಉತ್ತಯ್ಯ.
ಇದು ಕುಡಿಯದವರದು, ಎಂದೆ.
ನಮ್ಮ ಒಕ್ಕದಲ್ಲಾ? ಎಂದು ಅವನಿಗೆ ಆಶ್ಚರ್ಯ.

ದೀಪದ ಕುಡಿ ಸರಿಮಾಡಿ ಹೊರಟೆ.
ಹಿಂದೆ ನೋಡಲಿಲ್ಲ.
ಅಜ್ಜ ಎದ್ದುಹೋದಾನೆಂದಲ್ಲ.
ಕಾಫಿ ಗಿಡಗಳ ನಡುವೆ ಸರಬರ ಆಯಿತು.
ನಾಯಿಯೋ, ಲೈನುಮನೆಯ ಯಾವ ಮಗುವೋ,
ನೋಡಿದರೆ
ತಿನ್ನಲು ಬಂದವರಿಗೆ ನಾಚಿಕೆ.