ಷರಾ

ಪಂಚಾಯ್ತಿ ಕೊಟ್ಟ ಪುಸ್ತಕದಲ್ಲಿ ಐದು ಕಲಮು:
ತಾರೀಖು, ಮೋಟರು ಹಾಕಿದ್ದು, ಆರಿಸಿದ್ದು,
ಬ್ಲೀಚಿಂಗ್ ಪುಡಿ ಎಷ್ಟು ಗ್ರಾಂ.
ಕೊನೆಯದು ಷರಾ. ಹೆಬ್ಬೆರಳಿನಷ್ಟು ಅಗಲ.
ಹನ್ನೊಂದು ವರ್ಷದಿಂದ ಅಲ್ಲಿ
ಬರೆದದ್ದೊಂದೇ: ಏನೂ ಇಲ್ಲ.

ಕೆಸಗೋಡಿನ ನೀರುಗಂಟಿ ನಾನು, ಮಂಚಯ್ಯ,
ಸಕಲೇಶಪುರ ತಾಲ್ಲೂಕು.
ಪೈಪಿಗೆ ಕಿವಿಯಿಟ್ಟರೆ ಸಾಕು,
ನೀರು ಯಾವ ತಿರುವಿನಲ್ಲಿದೆ,
ಯಾರ ಮನೆ ಮುಂದೆ ಸೋರುತ್ತಿದೆ, ಹೇಳಬಲ್ಲೆ.
ನೀರಿಗೆ ಮೂಗೂ ಬೇಕು ಅಂತ
ಗೊತ್ತಿರಲಿಲ್ಲ, ಈ ಜನವರಿಯವರೆಗೆ.

ಅವತ್ತು ವಾಲ್ವು ತಿರುಗಿಸಿ ಕಾಲು ಗಂಟೆಯಾಗಿಲ್ಲ,
ಐಸಮ್ಮ ತುಂಬಿದ ಕೊಡವನ್ನೇ ಹೊತ್ತು ವಾಪಸ್ ಬಂದಳು.
‘ಏನೋ ಮಂಚ, ಮೋಟರಿಗೆ ಕಾಫಿ ಕುಡಿಸಿದ್ಯಾ?’
ನಕ್ಕೆ. ಅವಳು ನಗಲಿಲ್ಲ.
ಬಗ್ಗಿ ನೋಡಿದೆ: ಕಷಾಯದ ಬಣ್ಣ,
ಮೂರು ದಿನದ ಅಂಬಲಿಯ ಹುಳಿ ನಾತ.

ವಾಲ್ವು ಮುಚ್ಚಿ ಹಳ್ಳದ ಗುಂಟ ಹೊರಟೆ.
ಜಾಕ್‌ವೆಲ್ಲಿನ ಹತ್ತಿರ ಏಡಿಗಳು.
ಒಂದಲ್ಲ, ಎರಡಲ್ಲ,
ಬಂಡೆಯ ಮೇಲೆ, ಅತ್ತಿಯ ಬೇರಿನ ಮೇಲೆ,
ನನ್ನ ಪಂಪಿನ ಸರಪಳಿಯ ಮೇಲೆ,
ನೀರಿಗೆ ಬೆನ್ನು ಹಾಕಿ ಕೂತಿದ್ದವು
ಬಾಯಲ್ಲಿ ಗುಳ್ಳೆ ಬಿಡುತ್ತ.
ಕೈ ಹಾಕಿದರೂ ಓಡಲಿಲ್ಲ;
ಮನೆಗೆ ಬೆಂಕಿ ಬಿದ್ದು ಬೀದಿಗೆ ಬಂದವರು
ಯಾರು ಮುಟ್ಟಿದರೂ ತಿರುಗಿ ನೋಡುವುದಿಲ್ಲವಲ್ಲ, ಹಾಗೆ.

ಮೀನಿಗೆ ಹತ್ತಲು ಬರುವುದಿಲ್ಲ.
ಅದರ ವಿಷಯ ಬರೆಯಲಾರೆ.

ಮೇಲೆ ಪಲ್ಪರ್ ಮನೆ. ಗುಂಡಿಯ ಏರಿ ಒಂದು ಮೊಳ ಕಡಿದಿತ್ತು.
‘ಹಣ್ಣೆಲ್ಲ ಈ ಸಲ ಒಟ್ಟಿಗೇ ಬಂತು ಮಂಚಯ್ಯ,
ಗುಂಡಿ ಎಲ್ಲಿ ಸಾಲುತ್ತೆ?’ ಅಂದ ರೈಟರ್ ಫೆಲಿಕ್ಸ್.
‘ವಿಷ ಏನಲ್ಲ. ಹಣ್ಣಿನ ಲೋಳೆ. ಸಿಹಿ.’
ಹಾಸನದಿಂದ ಬಾಟಲಿ ಹಿಡಿದು ಬಂದ ಲ್ಯಾಬಿನ ಹುಡುಗಿ
ನೀರೊಳಗೆ ಕಡ್ಡಿ ಅದ್ದಿ ಸುಮ್ಮನೆ ನಿಂತಳು.
ಆಮೇಲೆ ಅಂದಳು, ಸಿಹಿಯೇ ಕೊಳೆಯೋದು,
ಕೊಳೆಯುವಾಗ ನೀರಿನ ಉಸಿರನ್ನೇ ಉಣ್ಣೋದು.
ಈ ಹಳ್ಳ ಹೇಮಾವತಿಗೆ, ಹೇಮಾವತಿ ಗೊರೂರಿಗೆ,
ಅಲ್ಲಿಂದ ಅವಳ ಮನೆಯ ಲೋಟಕ್ಕೆ.
ಅದನ್ನು ಅವಳು ಹೇಳಲಿಲ್ಲ.
ಬಾಟಲಿಗೆ ಚೀಟಿ ಅಂಟಿಸಿದಳು.

ಸಂಜೆ ಮನೆಗೆ ಬಂದರೆ ಗೋಡೆಗೊರಗಿದ ಗುದ್ದಲಿ.
ಹಿಂದಿನ ರಾತ್ರಿ ಭಾವಮೈದ ರಂಗೇಶ
‘ಒಂದು ಗಂಟೆ ಕೆಲಸ’ ಅಂತ ಒಯ್ದಿದ್ದ.
ಎತ್ತಿಕೊಂಡೆ. ಮೂಸಿದೆ.
ಮೂರು ದಿನದ ಅಂಬಲಿ.

ಒಳಗೆ ಹೊನ್ನಿ ಅನ್ನ ಬಸಿಯುತ್ತಿದ್ದಳು,
ಪಲ್ಪರಿನ ಕೂಲಿಯ ಅಕ್ಕಿ, ಪಲ್ಪರಿನ ಕಂದು ಉಗುರು.
ಯಾರ ಮೇಲೆ ಕೂಗಲಿ?
ಉಂಡೆ. ಎರಡನೇ ಸಲವೂ ಬಡಿಸಿಕೊಂಡೆ.

ಐದು ದಿನ ಊರಿಗೆ ಟ್ಯಾಂಕರ್ ನೀರು.
ಅಂಗನವಾಡಿಯ ಮಕ್ಕಳು ಮೈ ಕೆರೆದುಕೊಳ್ಳುತ್ತಿದ್ದವು.
‘ದಾಖಲೆಗೆ ಯಾಕೆ, ಬಾಯಲ್ಲಿ ಹೇಳಿದರೆ ಸಾಕು’
ಅಂದರು ಪಂಚಾಯ್ತಿಯಲ್ಲಿ, ಟೀ ತರಿಸಿ.
ಕಲಮು ಸಾಲಲಿಲ್ಲ. ಗೆರೆ ದಾಟಿ,
ಬ್ಲೀಚಿಂಗ್ ಪುಡಿಯ ಜಾಗಕ್ಕೂ ನುಗ್ಗಿ ಬರೆದೆ:
ಏಡಿಗಳು ನೀರು ಬಿಟ್ಟಿವೆ.
ಏರಿ ಕಡಿದಿದ್ದಾರೆ. ಗುದ್ದಲಿ ನನ್ನದು.

ನೋಟೀಸು ಬಂತು. ಫೆಲಿಕ್ಸ್ ಹದಿನೈದು ದಿನ ಮಾತಾಡಲಿಲ್ಲ.
ಈಗ ಎರಡನೇ ಗುಂಡಿ ತೋಡಿದ್ದಾರೆ, ಅಡಿಗೆ ದಪ್ಪ ಹಾಳೆ.
ಲೋಳೆ ನೀರಿಗೆ ಸುಣ್ಣ ಕಲಸುವವನು ರಂಗೇಶನೇ,
ಅದೇ ಗುದ್ದಲಿಯಲ್ಲಿ;
ತಿಳಿಯಾದದ್ದು ಹಳ್ಳಕ್ಕಲ್ಲ, ತೋಟದ ಬುಡಕ್ಕೆ.
ಹೊಸ ಮಿಷನ್ನು ಬಂದರೆ ನೀರೇ ಅಷ್ಟು ಬೇಡವಂತೆ.
ಬಂದರೆ.

ಮೊನ್ನೆ ಜಾಕ್‌ವೆಲ್ಲಿನ ಬಂಡೆಯಲ್ಲಿ ಏನೋ ಅಲುಗಿತು.
ಇಳಿಯುತ್ತದೋ ಇಲ್ಲವೋ
ಕಾದು ನೋಡಲು ಹೊತ್ತಿರಲಿಲ್ಲ,
ಟ್ಯಾಂಕು ತುಂಬಿತ್ತು, ಮೋಟರು ಆರಿಸಬೇಕಿತ್ತು.

ಷರಾ: ಏಡಿ, ಒಂದು.
ಮುಖ ನೀರಿನ ಕಡೆ.